ಹಣೆಯ ಮೇಲಿನ ಚುಕ್ಕಿ

ನನ್ನ ನಾದಿನಿ ಹೇಮಾವತಿಗೆ ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನವಿಲ್ಲ, ಮಾತಿಲ್ಲ. ತಲೆಯೊಂದು ಮಾತ್ರ ಅವಳು ಹೇಳಿದಂತೆ ಕೇಳುತ್ತದೆ. 2009ರಲ್ಲಿ ಬೆಂಗಳೂರಿನ ಯಾರೋ ಪುಣ್ಯಾತ್ಮರು ಅವಳಿಗೊಂದು ಟ್ಯಾಬ್ಲೆಟ್ ಕಂಪ್ಯೂಟರನ್ನೂ ಅದರ ನೆತ್ತಿಗೆ ಸಿಕ್ಕಿಸುವ ಕ್ಯಾಮೆರಾವನ್ನೂ ಕೊಟ್ಟರು. ಹಣೆಗೆ ಬೆಳ್ಳಿಬಣ್ಣದ ಚುಕ್ಕಿ ಅಂಟಿಸಿದರೆ ಸಾಕು, ತಲೆ ತಿರುಗಿಸಿದ ಕಡೆ ಪರದೆಯ ಮೇಲೆ ಬಾಣ ಓಡುತ್ತದೆ, ಅಕ್ಷರದ ಮೇಲೆ ನಿಲ್ಲಿಸಿದರೆ ಅಕ್ಷರ ಬೀಳುತ್ತದೆ. ಕೊಟ್ಟವರು ಫೋಟೊ ಹೊಡೆಸಿಕೊಂಡು ಹೋದರು. ಪಾಡು ಪಟ್ಟವಳು ನಾನು.

ಕ್ಯಾಮೆರಾ ಒಂದು ಕಂಪನಿಯದು, ಟ್ಯಾಬ್ಲೆಟ್ ಇನ್ನೊಂದರದು. ಒಂದಕ್ಕೊಂದು ಆಗಿಬರುತ್ತಿರಲಿಲ್ಲ. ಏಳು ತಿಂಗಳ ಬಸುರಿ ನಾನು, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಾಗೂರಿನಿಂದ ಹೊಸದುರ್ಗ, ಅಲ್ಲಿಂದ ಚಿತ್ರದುರ್ಗ ಅಂತ ಮೂರು ಸಲ ಬಸ್ಸು ಹತ್ತಿದೆ. ರಿಪೇರಿ ಅಂಗಡಿಯ ರಘುನಾಥ್ ಕೊನೆಗೊಂದು ಪುಟ್ಟ ಪೆಟ್ಟಿಗೆ ಕೊಟ್ಟ.

"ಟ್ಯಾಬ್ಲೆಟ್ ಕೊಡೋ ಪವರ್ರು ಈ ಕ್ಯಾಮೆರಾಕ್ಕೆ ಸಾಲಲ್ಲ ಅಕ್ಕಾ. ಈ ಪೆಟ್ಟಿಗೇನ ಗೋಡೆ ಪ್ಲಗ್ಗಿಗೆ ಹಾಕ್ರಿ, ಕ್ಯಾಮೆರಾನ ಇದಕ್ಕೆ ಸಿಗಿಸಿ, ಇದನ್ನ ಟ್ಯಾಬ್ಲೆಟ್ಟಿಗೆ ಸಿಗಿಸ್ರಿ."

ಮಗಳ ನಾಮಕರಣ ಬಂತು. ನಮ್ಮಲ್ಲಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹೇಮಾ ಬರೆಯುವುದು, ನಾನು ಓದಿ ಹೇಳುವುದು ಎಂದಾಯಿತು. ಆರಿಸಿಕೊಂಡ ಹೆಸರನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನನ್ನ ಯಜಮಾನರು ಲಕ್ಷ್ಮೀಕಾಂತ್ ಎರಡು ದಿನ ಟ್ಯಾಬ್ಲೆಟ್ಟನ್ನು ಚಾರ್ಜಿಗೆ ಹಾಕಿ ಬೀಗಿದರು: "ಇನ್ನ ಕರೆಂಟ್ ಹೋದ್ರೂ ಚಿಂತೆ ಇಲ್ಲ."

ಹೊಳಲ್ಕೆರೆಯ ನೆಂಟರಿಗಾಗಿ ಕಾದು ಹನ್ನೊಂದಾಯಿತು, ಹನ್ನೊಂದಕ್ಕೆ ಸರಿಯಾಗಿ ಕರೆಂಟು ಹೋಯಿತು. ಟ್ಯಾಬ್ಲೆಟ್ಟಿನ ಪರದೆ ಬೆಳಗುತ್ತಲೇ ಇತ್ತು, ಬಾಣ ಮಾತ್ರ ಅಲ್ಲಾಡಲಿಲ್ಲ. ಪೆಟ್ಟಿಗೆ ಸತ್ತಿತ್ತು. ಅದಕ್ಕೆ ಗೋಡೆಯ ಕರೆಂಟೇ ಬೇಕೆಂದು ನನಗೆ ಗೊತ್ತಿತ್ತು, ಆದರೆ ನಿದ್ದೆಗೆಟ್ಟ ಬಾಣಂತಿ ತಲೆಗೆ ಹೊಳೆದಿರಲಿಲ್ಲ. ಹೇಮಾ ತಲೆ ಆಡಿಸಿದಳು, ಆಡಿಸಿಯೇ ಆಡಿಸಿದಳು. ಮೂರು ಜನ ಸುತ್ತ ನಿಂತು ವೈರು ಕಿತ್ತು ಸಿಕ್ಕಿಸಿ ಮಾಡಿದರು.

"ಹನ್ನೆರಡಕ್ಕೆ ರಾಹುಕಾಲ ಐತೆ" ಎಂದರು ಅತ್ತೆ ಏಕನಾಥಮ್ಮ.

ನನಗೂ ಸಾಕುಸಾಕಾಗಿತ್ತು. "ಯಾರಾದ್ರೂ ಹೇಳ್ರಿ, ಮುಗೀಲಿ" ಎಂದವಳು ನಾನೇ. ಯಜಮಾನರ ದೊಡ್ಡಪ್ಪನ ಮಗಳು ನಿಂಗಕ್ಕ ಮಗುವನ್ನೆತ್ತಿಕೊಂಡು ಕಿವಿಯಲ್ಲಿ "ಮಮತಾ" ಎಂದಳು. ಎಲ್ಲರೂ ಊಟಕ್ಕೆದ್ದರು.

ಸಂಜೆ ನಾಲ್ಕಕ್ಕೆ ಕರೆಂಟು ಬಂತು. ಹೇಮಾಳ ಚುಕ್ಕಿ ಬೆವರಿಗೆ ಜಾರಿತ್ತು, ಹಣೆ ಒರೆಸಿ ಮತ್ತೆ ಅಂಟಿಸಿದೆ. "ಈಗ ಬರಿಯವ್ವ, ಯಾವ ಹೆಸ್ರು ಅಂದ್ಕಂಡಿದ್ದೆ?"

ಬಾಣ ತೆವಳಿತು. ಒಂದೊಂದು ಅಕ್ಷರಕ್ಕೂ ನನಗೆ ಆಕಳಿಕೆ ಬರುತ್ತಿತ್ತು.

"ಹೆಸರು ಇರಲಿ ಅತ್ತಿಗೆ. ಮಗೂನ ತೊಡೆ ಮೇಲೆ ಹಾಕೋಕೂ ಕರೆಂಟು ಬೇಕಿತ್ತಾ?"

ತೊಟ್ಟಿಲಿನಿಂದ ಮಗುವನ್ನು ತಂದು ಅವಳ ತೊಡೆಯ ಮೇಲಿಟ್ಟು, ಜಾರದಂತೆ ಕೈ ಕೊಟ್ಟು ಕೂತೆ. ಅವಳು ತಲೆ ಬಗ್ಗಿಸಿ, ನಾನು ಒಂದು ಕೈಯಲ್ಲಿ ತುಸು ಎತ್ತಿಕೊಟ್ಟ ಮಗುವಿನ ಕಿವಿಗೆ ಬಾಯಿ ತಂದು, ತನಗೆ ಬರುವ ಒಂದೇ ಸದ್ದನ್ನು ಮೂರು ಸಲ ಮಾಡಿದಳು. ಆ ಚುಕ್ಕಿಯ ಹಿಂದೆ ಓಡುತ್ತ ಬಾಣ ಪರದೆ ತುಂಬ ಏನೇನೋ ಅಕ್ಷರ ಬೀಳಿಸುತ್ತಿತ್ತು.

ಖಾಲಿಯಿದ್ದ ಕೈ ಚಾಚಿ ನಾನು ಗೋಡೆಯಿಂದ ಪೆಟ್ಟಿಗೆಯ ಪ್ಲಗ್ಗು ಕಿತ್ತೆ.