ಒಂದು ದಿನದ ಹಾಸಿಗೆ

ನಮ್ಮೂರ ಆಸ್ಪತ್ರೆಯಲ್ಲಿ ಕರಿಯರಿಗೆ ಜ್ವರ ಬಂದರೂ ನೆಲಮಾಳಿಗೆ, ಹೆರಿಗೆಯಾದರೂ ನೆಲಮಾಳಿಗೆ. ಪಕ್ಕದಲ್ಲೇ ಬಾಯ್ಲರ್. ಅಲಬಾಮಾದ ಬೇಸಿಗೆಯಲ್ಲಿ ಅಲ್ಲಿಗೆ ಹೋದ ಗಟ್ಟಿಮುಟ್ಟಾದವರೂ ಏದುಸಿರು ಬಿಡುತ್ತಾ ಬರುತ್ತಿದ್ದರು. ಎದೆಯಲ್ಲಿ ಕಫ ಕಟ್ಟಿದ್ದ ಒಡೆಸ್ಸಾ ಟಾಲಿವರ್ ಅಜ್ಜಿಯನ್ನೂ ಅಲ್ಲೇ ಮಲಗಿಸಿದ್ದರು.

ಒಂದು ಸಂಜೆ ಮಗ ಹೋಸಿಯಾ, ಚರ್ಚಿನ ಪರಿಚಯದ ಅರ್ನೆಸ್ಟೀನ್ ಅಕ್ಕನ ಜೊತೆ ಗೆಣಸಿನ ಪೈ ಹಿಡಿದು ಹೋದಾಗ ಅಮ್ಮನ ಹಾಸಿಗೆ ಖಾಲಿ. ಆ ಕೋಣೆಯಲ್ಲಿ ಖಾಲಿ ಹಾಸಿಗೆಗೆ ಒಂದೇ ಅರ್ಥ.

"ಗಾಬರಿ ಆಗ್ಬೇಡಯ್ಯಾ, ಮೇಲಕ್ಕೆ ಒಯ್ದಿದಾರೆ," ಎಂದಳು ನೆಲ ಒರೆಸುವವಳು.

ಬಿಳಿಯರ ವಾರ್ಡಿನಲ್ಲಿ, ಕಿಟಕಿಯ ಪಕ್ಕ, ಅಜ್ಜಿ ಒರಗಿ ಕೂತಿದ್ದರು.

"ಹೋಸಿಯಾ, ಬರೀ 'ಒಡೆಸ್ಸಾ' ಅಂತಿದ್ದ ಬಿಳಿ ನರ್ಸಮ್ಮ ಇವತ್ತು ನನ್ನ 'ಶ್ರೀಮತಿ ಟಾಲಿವರ್' ಅಂದ್ಲು ಕಣೋ! ಸತ್ತು ಸ್ವರ್ಗಕ್ಕೇ ಬಂದ್ನೇನೋ ಅಂದ್ಕೊಂಡೆ."

"ನೋಡಿದ್ಯಾ ಅಕ್ಕಾ?" ಹೋಸಿಯಾ ಅರ್ನೆಸ್ಟೀನ್ ಕಡೆ ತಿರುಗಿದ. "ನೀನು ಸಭೆ, ಮೆರವಣಿಗೆ ಅಂತ ಸುತ್ತಿದ್ದೇ ಬಂತು. ಅವರಾಗೇ ಬದಲಾದ್ರು."

"ಬದಲಾಗಿದ್ದು ಹಾಸಿಗೆ, ಮನಸ್ಸಲ್ಲ. ಬಣ್ಣ ನೋಡಿ ಬೇರೆ ಮಲಗಿಸೋ ಆಸ್ಪತ್ರೆಗೆ ವಯಸ್ಸಾದೋರ ಚಿಕಿತ್ಸೆಯ ಸರ್ಕಾರಿ ಹಣ ಕೊಡಲ್ಲ ಅಂದಿದೆ ವಾಷಿಂಗ್ಟನ್. ನಾಳೆ ತಪಾಸಣೆಯವರು ಬರ್ತಾರೆ. ಅವರ ಕಾರು ಊರು ದಾಟ್ಲಿ, ನಿಮ್ಮಮ್ಮ ಮತ್ತೆ ಬಾಯ್ಲರ್ ಪಕ್ಕ."

"ಅದಕ್ಕೇನ್ ಮಾಡೋಣ?"

"ನಿಜ ಹೇಳೋಣ."

"ನಮ್ಮ ಮರದ ಮಿಲ್ಲಿನ ಯಜಮಾನನೇ ಈ ಆಸ್ಪತ್ರೆ ಮಂಡಳೀಲಿದಾನೆ. ಕೆಲಸ ಹೋದ್ರೆ ನಿನ್ನ ಭಾಷಣ ತಿಂದ್ಕೊಂಡಿರ್ಲಾ?"

"ಇಬ್ರೂ ಬಾಯಿ ಮುಚ್ಚಿ," ಎಂದರು ಅಜ್ಜಿ. "ಹೋಸಿಯಾ, ನಿನ್ನಪ್ಪ ಕೆಳಗೇ ಉಸಿರು ಬಿಟ್ಟ. ಮೇಲೆ ಆಕ್ಸಿಜನ್ ಇತ್ತು, ಕೆಳಗೆ ತರೋಕೆ ಬಿಡಲಿಲ್ಲ. ನಾಳೆ ನಾನು ಹೇಳ್ತೀನಿ. ಬರೋದಾದ್ರೆ ಬಾ, ಇಲ್ಲಾ ಮಿಲ್ಲಿಗೆ ಹೋಗು."

ಮರುದಿನ ತಪಾಸಣೆಯ ಅಧಿಕಾರಿ ಬಂದರು. ಪಕ್ಕದಲ್ಲಿ ನಗುನಗುತ್ತಾ ಆಸ್ಪತ್ರೆಯ ಮುಖ್ಯಸ್ಥ.

"ಇಲ್ಲಿ ಚೆನ್ನಾಗಿ ನೋಡ್ಕೊಳ್ತಿದಾರಾ ಅಮ್ಮಾ?"

"ನಿನ್ನೆಯಿಂದ ಚೆನ್ನಾಗಿದೆ ಸ್ವಾಮಿ. ಅಲ್ಲೀವರೆಗೂ ನೆಲಮಾಳಿಗೇಲಿ ಬೇಯ್ತಿದ್ದೆ. ನನ್ನ ಹಲ್ಲಿನ ಸೆಟ್ಟು ಇನ್ನೂ ಅಲ್ಲೇ ಲೋಟದಲ್ಲಿದೆ. ಪಾಪ, ಅವಸರದಲ್ಲಿ ತರೋದು ಮರೆತ್ರು."

"ಜ್ವರ ಸಾರ್, ಬಡಬಡಿಸ್ತಿದಾಳೆ," ಎಂದ ಮುಖ್ಯಸ್ಥ.

ಹೋಸಿಯಾ ಬಾಗಿಲಲ್ಲಿ ನಿಂತಿದ್ದ. ಮಿಲ್ಲಿಗೆ ಹೋಗಿರಲಿಲ್ಲ. ಬಿಳಿಯರೆದುರು ಕಳಚಿ ಕೈಯಲ್ಲೇ ಹಿಡಿಯಬೇಕಿದ್ದ ಟೊಪ್ಪಿಯನ್ನು ಮುಖ್ಯಸ್ಥನ ಎದುರೇ ತಲೆಗೇರಿಸಿಕೊಂಡ.

"ನಮ್ಮಮ್ಮ ಬಡಬಡಿಸ್ತಿಲ್ಲ. ಬನ್ನಿ ಸಾರ್, ಮೆಟ್ಟಿಲು ಈ ಕಡೆ."

ಕೆಳಗೆ ಇನ್ನೂ ರೋಗಿಗಳಿದ್ದರು, ಎಲ್ಲರೂ ಕರಿಯರೇ. ಹಲ್ಲಿನ ಸೆಟ್ಟೂ ಇತ್ತು. ಸರ್ಕಾರ ಹಣ ತಡೆಹಿಡಿಯಿತು. ಹೋಸಿಯಾನ ಕೆಲಸ ಹೋಯಿತು. ಅವನ ಮನೆಯ ಒಲೆ ಆರದಂತೆ ಚರ್ಚಿನವರು ನೋಡಿಕೊಂಡರು. ಆ ಹಣವಿಲ್ಲದೆ ಆಸ್ಪತ್ರೆ ನಡೆಯಲಿಲ್ಲ; ಚಳಿ ಬರುವಷ್ಟರಲ್ಲಿ ನೆಲಮಾಳಿಗೆಯ ವಾರ್ಡಿಗೆ ಬೀಗ ಬಿತ್ತು, ಕರಿಯರಿಗೂ ಮೇಲೆಯೇ ಹಾಸಿಗೆ ಸಿಕ್ಕಿತು. ಈಗ ಪಕ್ಕದೂರಿನ ಸಭೆಗೆ ಅರ್ನೆಸ್ಟೀನ್‌ಗಿಂತ ಮೊದಲು ಹೋಸಿಯಾ ಹೊರಡುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಆಸ್ಪತ್ರೆಗೂ ತಪಾಸಣೆಯವರು ಬರುತ್ತಾರೆ. ಆಸ್ಪತ್ರೆಯವರು ತೋರಿಸಿದ್ದಷ್ಟೇ ಅವರಿಗೆ ಕಾಣುತ್ತದೆ. ಉಳಿದದ್ದನ್ನು ನೀವು ತೋರಿಸಿ. ಹೆದರಿಕೆಯಾದರೆ ಒಬ್ಬರೇ ಹೋಗಬೇಡಿ, ಜೊತೆಗೂಡಿ ಹೋಗಿ. ಆದರೆ ಹೋಗಿ.