ಖಂಡಪ್ಪನಿಗೆ ಕೊಟ್ಟ ಅಧಿಕಾರ

ಚಿತ್ತಾಪುರದ ಕೋರ್ಟಿನಲ್ಲಿ ಖಂಡಪ್ಪ ತನ್ನ ಕೇಸಿಗೆ ತಾನೇ ಕಲ್ಲು ಹಾಕಿಕೊಂಡ. ಶಹಾಬಾದಿನ ಹತ್ತಿರ ಅವನದೊಂದು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿ. ಅಲ್ಲಿಂದ ಲಾರಿ ರಸ್ತೆಗೆ ಬರಲು ಇದ್ದದ್ದು ಒಂದೇ ದಾರಿ. ಪಕ್ಕದ ಹೊಲದ ದೇವೀಂದ್ರಪ್ಪ ಅದಕ್ಕೆ ಮುಳ್ಳುತಂತಿ ಬಿಗಿದು ಕೂತಿದ್ದ. ದಾರಿ ಬಿಡಿಸದಿದ್ದರೆ ಗಣಿ ಮುಚ್ಚಬೇಕು, ಅಷ್ಟೇ. ಖಂಡಪ್ಪ ಗಣಿ ನಡೆಸುವ ತನ್ನ ಕಂಪನಿಯ ಹೆಸರಿನಲ್ಲಿ ದಾವೆ ಹೂಡಿದ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ ಮಾತು: ದಾವೆ ಹೂಡಲು ಕಂಪನಿ ನಿಮಗೆ ಅಧಿಕಾರ ಕೊಟ್ಟಿದೆಯೇ, ಸಭೆ ಸೇರಿ ಠರಾವು ಮಾಡಿದ್ದೀರಾ?

“ಯಾ ಸಭಾರೀ? ಕಂಪನಿ ಅಂದ್ರ ನಾನೇ,” ಅಂದ ಖಂಡಪ್ಪ, ಎದೆ ಸೆಟೆಸಿ.

ಅವನ ವಕೀಲೆ ಅಂಬಿಕಾ ಕಣ್ಣು ಮುಚ್ಚಿಕೊಂಡಳು. ಹೊರಗೆ ಬಂದು ತಿಳಿಸಿ ಹೇಳಿದಳು. ಕಾನೂನಿನ ಕಣ್ಣಿಗೆ ಕಂಪನಿಯೇ ಬೇರೆ ಆಸಾಮಿ, ಖಂಡಪ್ಪನೇ ಬೇರೆ. ಡೈರೆಕ್ಟರುಗಳು ಇಬ್ಬರು, ಇವನು ಮತ್ತು ಇವನ ಹೆಂಡತಿ ಹೀರಾಬಾಯಿ. ಕಾಲ ಮಿಂಚಿಲ್ಲ, ಇಬ್ಬರೂ ಈಗ ಸಭೆ ಸೇರಿ, ಹೂಡಿದ ದಾವೆಗೆ ಒಪ್ಪಿಗೆ ಕೊಟ್ಟರೆ ನಡೆಯುತ್ತದೆ. ಆದರೆ ಇಷ್ಟು ಮಾತಾಡಿದ ಮೇಲೆ ಇವನನ್ನು ಯಾರೂ ನಂಬುವುದಿಲ್ಲ, ಹೀರಾಬಾಯಿಯೇ ಬಂದು ಸಾಕ್ಷಿ ಹೇಳಬೇಕು.

ಕಂಪನಿಗೆ ಇಬ್ಬರು ಬೇಕಂತೆ ಎಂದು ಹೆಂಡತಿಯ ಸಹಿ ಹಾಕಿಸಿದ್ದ ಭೂಪ ಇವನು. ಆಗ ಆಕೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕಿದಳು. ಯಾತಕ್ಕೆಂದು ಆಕೆ ಕೇಳಲಿಲ್ಲ, ಇವನು ಹೇಳಲೂ ಇಲ್ಲ. ಈಗ ಹಳೇ ತಾರೀಕು ಹಾಕಿ ಇನ್ನೊಂದು ಸಹಿ ಮಾಡು ಅಂದರೆ ಆಕೆ ಜಪ್ಪಯ್ಯ ಅನ್ನಲಿಲ್ಲ. ಆಗದ ಸಭೆ ಆಯಿತೆಂದು ದೇವರ ಮೇಲೆ ಆಣೆ ಮಾಡಲಾರೆ, ಮಾಡುವುದಿದ್ದರೆ ಖರೇನೇ ಮಾಡಿ ಅಂದಳು. ಹೆಂಡತಿಗೇ ಸಭೆಯ ನೋಟಿಸು ಕೊಟ್ಟು, ಪಡಸಾಲೆಯಲ್ಲಿ ಕೂತು, ಖಂಡಪ್ಪ ಗಣಿಯ ಕಥೆಯನ್ನೆಲ್ಲ ಮೊದಲ ಸಲ ಆಕೆಗೆ ಒಪ್ಪಿಸಿದ. ಆಕೆ ಎಲ್ಲ ಕೇಳಿ, ಹೂಂ ಅಂದು, ಠರಾವಿಗೆ ಸಹಿ ಹಾಕಿದಳು.

ಉಳಿದದ್ದು ಒಂದೇ ತೊಡಕು. ಹೀರಾಬಾಯಿ ಗಂಡನ ಹೆಸರು ಹೇಳುವವಳಲ್ಲ. ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಒಡಪು ಕಟ್ಟಿ, ಅದರ ಪ್ರಾಸದ ಸಾಲಿನೊಳಗೆ ಹುದುಗಿಸಿ ಹೇಳುತ್ತಿದ್ದಳು. ಬಾಕಿ ಹೊತ್ತು ಬರೀ ‘ಇವರು’. ಖಂಡಪ್ಪ ಇದನ್ನು ಚಹಾದಂಗಡಿಯಲ್ಲೆಲ್ಲ ಹೇಳಿಕೊಂಡು ಮೆರೆದಿದ್ದ. ಜಡ್ಜ್ ಸಾಹೇಬರ ಮುಂದೆ ಒಡಪು ನಡೆಯುವುದಿಲ್ಲಮ್ಮ ಎಂದು ಅಂಬಿಕಾ ಎಚ್ಚರಿಸಿಯೂ ಇದ್ದಳು.

ಮೆರೆದ ಮಾತು ದೇವೀಂದ್ರಪ್ಪನ ಕಿವಿಗೂ ಬಿದ್ದಿತ್ತು, ಅವನ ವಕೀಲರ ಕಿವಿಗೂ. ಸಾಕ್ಷಿಕಟ್ಟೆಯಲ್ಲಿ ಹೀರಾಬಾಯಿ ನಿಂತದ್ದೇ ತಡ, ಯಾರಿಗೆ ಅಧಿಕಾರ ಕೊಟ್ಟಿರಿ ಎಂದು ಆ ವಕೀಲರು ಕೇಳಿದರು. ಇವರಿಗೆ ಅಂದಳು. ಇವರು ಎಂದರೆ ಯಾರು, ಹೆಸರು ಹೇಳಿ ಅಂದರು. ಆಕೆ ಸೆರಗು ಎಳೆದುಕೊಂಡಳು. ಈ ಹೆಣ್ಣುಮಗಳಿಗೆ ಏನೂ ಗೊತ್ತಿಲ್ಲ, ಹಿಡಿದು ಸಹಿ ಮಾಡಿಸಿದ್ದಾರೆ ಎಂದು ವಕೀಲರು ಸಾಹೇಬರ ಕಡೆ ತಿರುಗಿದರು.

ಹಿಂದಿನ ಬೆಂಚಿನಲ್ಲಿ ಖಂಡಪ್ಪ ತುದಿಗೆ ಸರಿದ. ಗಣಿ ಹೋಗುತ್ತದಲ್ಲ! ಅಂದುಬಿಡೇ ಮಾರಾಯ್ತಿ ಎಂದು ಒಳಗೊಳಗೇ ಕೈ ಮುಗಿದ.

“ಖಂಡಪ್ಪಗ,” ಅಂದಳು ಹೀರಾಬಾಯಿ. “ಮೊದ್ಲು ನಮ್ಗ ಕೇಳದೇನೇ ಕೇಸ್ ಹಾಕ್ಯಾನ. ಆಮ್ಯಾಲ ಬಂದು ಕೇಳ್ದ, ಕೊಟ್ಟೀವಿ.”

ಟೈಪಿಸ್ಟ್ ಅದನ್ನು ಟಕಟಕ ಬಡಿದಳು. ಅಧಿಕಾರದ ತಕರಾರು ಬಿದ್ದುಹೋಯಿತು ಎಂದು ಅಂಬಿಕಾ ನಕ್ಕಳು. ದೇವೀಂದ್ರಪ್ಪ ಮುಖ ಗಂಟು ಹಾಕಿಕೊಂಡು ಎದ್ದು ಹೋದ. ಖಂಡಪ್ಪನಿಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಆಗಲಿಲ್ಲ. ಬೇವಿನ ಗಿಡದ ಕೆಳಗೆ ಹೆಂಡತಿಯನ್ನು ತಡೆದು, ಅಷ್ಟು ಮಂದಿಯ ಮುಂದೆ ‘ಹಾಕ್ಯಾನ’, ‘ಕೇಳ್ದ’ ಎಂದು ಏಕವಚನದಲ್ಲಿ ಅನ್ನಲೇಬೇಕಿತ್ತೇ ಎಂದು ಕೇಳಿದ.

ಹೀರಾಬಾಯಿ ಸೆರಗು ಸರಿಮಾಡಿಕೊಂಡು ಎಂದಿನ ಮರ್ಯಾದೆಯಿಂದಲೇ ಅಂದಳು:

“ನಾ ಎಲ್ಲಿ ಅಂದೀನ್ರಿ? ಕಂಪನಿ ಅಂದದ.”