ಬುಧವಾರದ ಹೊಲಿಗೆ

"ಅಪ್ಪ, ಅದನ್ನ ಒಳಗಿಡಿ. ಈಗ ಯಾರು ತಿಂತಾರೆ ಕೇಕು?" ಎಂದು ಮಗಳು ಪಿಸುಗುಟ್ಟುವ ಹೊತ್ತಿಗೆ ತಕ್ಕಡಿ ಸಾಹೇಬರು ಡಬ್ಬಿಯಲ್ಲಿ ಉಳಿದಿದ್ದ ಕೇಕನ್ನೆಲ್ಲ ಕತ್ತರಿಸಿ ತಟ್ಟೆಗೆ ಜೋಡಿಸಿಯಾಗಿತ್ತು. ಒಂದು ತುಂಡು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ದಪ್ಪವಿರಲಿಲ್ಲ. ತೂಕ ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ಅಂಗಡಿಯವರ ತಕ್ಕಡಿಗಳಿಗೆ ಮುದ್ರೆ ಒತ್ತುತ್ತಲೇ ತಲೆ ನರೆತ ಮನುಷ್ಯ. ನಿವೃತ್ತಿಯಾದ ಮೇಲೂ ಬೀದಿಯವರು ಆ ಹೆಸರನ್ನು ಬಿಟ್ಟಿರಲಿಲ್ಲ, ಕೈಯೂ ಆ ಕಸುಬನ್ನು ಮರೆತಿರಲಿಲ್ಲ.

"ನಿಮ್ಮಮ್ಮನ ಕೈಯಲ್ಲಿ ಆದ ಕೊನೇ ಕೇಕು ಕಣಮ್ಮ. ಬಂದವರ ಬಾಯಿಗೆ ಒಂದೊಂದು ಚೂರು ಬೀಳ್ಲಿ."

ನಡುಮನೆಯಲ್ಲಿ ಹೆಂಡತಿಯನ್ನು ಮಲಗಿಸಿದ್ದರು. ಹಿಂದಿನ ದಿನ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕುಳಿತವರು ಬಾಚಣಿಗೆ ಹಿಡಿದಂತೆಯೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು. ಸುತ್ತ ಬೀದಿಯ ಜನ ಟೀ ಲೋಟ ಹಿಡಿದು ಕುಳಿತಿದ್ದರು. ಎದುರುಮನೆಯ ಮೇಷ್ಟ್ರು ಸಾಹೇಬರ ಹೆಗಲ ಮೇಲೆ ಕೈಯಿಟ್ಟರು.

"ಗಾಡಿ ಬರೋ ಮುಂಚೆ ನೀವೊಂದೆರಡು ಮಾತಾಡ್ಬೇಕು. ಬೇರೆಯವರು ಆಡಿದ್ರೆ ಚೆನ್ನಾಗಿರಲ್ಲ."

"ಆಡ್ತೀನಿ ಮೇಷ್ಟ್ರೇ. ಏನು ಹೇಳ್ಬೇಕು ಅಂತ ಎಲ್ಲ ಮನಸ್ಸಲ್ಲಿ ಜೋಡಿಸಿಟ್ಕೊಂಡಿದೀನಿ." ಸಾಹೇಬರು ತಟ್ಟೆಯನ್ನು ಮುಂದೆ ಹಿಡಿದರು. "ಈ ಕೇಕನ್ನೇ ನೋಡಿ. ಬೆಣ್ಣೆ, ಒಂದು ಹಿಡಿ ದ್ರಾಕ್ಷಿ, ಅಷ್ಟೇ. ಎಷ್ಟೋ ವರ್ಷದಿಂದ ಭಾನುವಾರ ಬಂದ್ರೆ ಇದೊಂದೇ. ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೇರೆ ಏನೂ ಮಾಡೋಕೆ ಅವಳಿಗೆ ಬರ್ತಿರ್ಲಿಲ್ಲ, ಬೇಕಾಗೂ ಇರ್ಲಿಲ್ಲ. ಪಾಪ, ಅಷ್ಟೇನು ಚುರುಕಲ್ಲ. ಪಕ್ಕದ ಟೈಲರಮ್ಮನ ಹತ್ರ ಬುಧವಾರ ಬುಧವಾರ ಹೊಲಿಗೆ ಕಲಿಯೋಕೆ ಹೋಗ್ತಿದ್ಲಲ್ಲ, ಇವತ್ತಿಗೂ ನನ್ನ ಅಂಗಿಗೆ ಗುಂಡಿ ಹಾಕೋರು ಟೈಲರಮ್ಮನೇ."

ಈ ಮಾತಿಗೆ ಯಾವಾಗಲೂ ನಗು ಬರುತ್ತಿತ್ತು. ಮದುವೆಮನೆಯಲ್ಲಿ ಬಂದಿತ್ತು, ನಿವೃತ್ತಿಯ ಸಮಾರಂಭದಲ್ಲಿ ಬಂದಿತ್ತು. ಇವತ್ತು ನಗಲಾಗದಿದ್ದರೂ ಒಂದು ಮುಗುಳ್ನಗೆಯಾದರೂ ಬಂದೀತೆಂದು ಸಾಹೇಬರು ಕಾದರು. ಜನ ಲೋಟದೊಳಗೆ ಮುಖ ಹುದುಗಿಸಿದರು. ಮೂಲೆಯಲ್ಲಿದ್ದ ಟೈಲರಮ್ಮ ನೆಲ ನೋಡಿದಳು.

"ಹಾಗನ್ಬೇಡಿ ಸಾಹೇಬ್ರೇ," ಎಂದ ಹಾಲಿನವನು. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಅವನಿಗೆ ತಡವಾಗುತ್ತಿರಲಿಲ್ಲ. "ಅಮ್ಮ ಕೊಟ್ಟಿದ್ದ ಕುಂಬಳಕಾಯಿ ಬ್ರೆಡ್ಡು ತಿಂದ್ಮೇಲೆ ನನ್ನ ಮಗಳು ಅಂಗಡಿ ಬ್ರೆಡ್ಡು ಮುಟ್ತಾನೇ ಇಲ್ಲ."

"ನಿಂಗೆ ಬೇರೆ ಯಾರೋ ಕೊಟ್ಟಿರ್ಬೇಕಪ್ಪ."

"ಅಮ್ಮನೇ ಕೊಟ್ಟಿದ್ದು."

"ಎಳ್ಳಿನ ಬಿಸ್ಕತ್ತೂ ಅವರದ್ದೇ," ಎಂದರು ನರ್ಸಮ್ಮ ಮೆಲ್ಲಗೆ. "ನನ್ನ ರಾತ್ರಿ ಡ್ಯೂಟಿಗೆ ಅಂತ ಕಟ್ಟಿಕೊಡೋರು." ಮೇಷ್ಟ್ರು ಕೆಮ್ಮಿದರು. ಅವರೂ ಏನೋ ತಿಂದಿದ್ದರು ಎಂಬುದು ಆ ಕೆಮ್ಮಿನಲ್ಲೇ ಗೊತ್ತಾಯಿತು.

ಸಾಹೇಬರು ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ನಡೆದರು. ಮಗಳು ಹಿಂದೆಯೇ ಬಂದಳು.

"ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತಪ್ಪ."

"ಮತ್ತೆ ನಂಗೆ ಯಾಕೆ ಯಾರೂ ಹೇಳ್ಲಿಲ್ಲ?"

ಮಗಳು ಅಳುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. "ಹೇಳಿದ್ರೆ ನೀವು ಅದನ್ನೂ ತೂಕಕ್ಕೆ ಹಾಕ್ತಿದ್ರಿ."

*

ಸಾಹೇಬರಿಗೆ ಆ ಭಾನುವಾರ ಮರೆತಿರಲಿಲ್ಲ. ಮರೆತಿರಲಿಲ್ಲವೇಕೆ, ಎಷ್ಟೋ ಸಲ ತಾವೇ ಅದನ್ನು ಬಣ್ಣ ಕಟ್ಟಿ ಹೇಳಿದ್ದರು.

ಮಗಳು ಆಗಿನ್ನೂ ತೊಟ್ಟಿಲಲ್ಲಿದ್ದಳು. ಆಫೀಸಿನ ಗೆಳೆಯರು ಮನೆಗೆ ಬಂದಿದ್ದರು. ಕೆಲಸದ ಕಟ್ಟುನಿಟ್ಟಿನ ಬಗ್ಗೆಯೂ ಹೆಂಡತಿಯ ಬೆಣ್ಣೆ ಕೇಕಿನ ಬಗ್ಗೆಯೂ ಸಾಹೇಬರು ವಾರವಿಡೀ ಕೊಚ್ಚಿಕೊಂಡಿದ್ದರು. ಆದರೆ ಅವಳು ಬಾಗಿಲ ಪರದೆ ಸರಿಸಿ ತಂದದ್ದು ಕಂದುಬಣ್ಣದ ಬೇರೆಯೇ ಕೇಕು. ಕಿತ್ತಳೆ ಸಿಪ್ಪೆ ತುರಿದು ಹಾಕಿದ್ದಳು, ಮೇಲೆ ಕರಿಮೆಣಸಿನ ಪುಡಿ. ಅವಳ ಮುಖ ಒಲೆಯ ಶಾಖಕ್ಕೋ ಸಂಭ್ರಮಕ್ಕೋ ಕೆಂಪಾಗಿತ್ತು.

ಸಾಹೇಬರು ಒಂದು ತುತ್ತು ಬಾಯಿಗಿಟ್ಟರು. ಜೇಬಿನಿಂದ ಇಸ್ತ್ರಿ ಮಾಡಿದ ಕರ್ಚೀಫು ತೆಗೆದು ಎಲ್ಲರೂ ನೋಡುವಂತೆ ಅದರಲ್ಲಿ ಉಗುಳಿದರು. ನೀಟಾಗಿ ಮಡಚಿ ಅವಳ ಅಂಗೈಯಲ್ಲಿಟ್ಟರು.

"ಮುಂದಿನ ಸಲ ಪ್ರಯೋಗ ಮಾಡೋದಿದ್ರೆ ಇಲಿಗಳಿಗೆ ಹಾಕಿ ನೋಡು. ನನ್ನ ಸ್ನೇಹಿತರು ಬದುಕಿರ್ಲಿ."

ಗೆಳೆಯರು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಅದನ್ನು ತಮಾಷೆಯೆಂದೇ ಸಾಹೇಬರು ಇಷ್ಟು ಕಾಲ ನಂಬಿದ್ದಕ್ಕೆ ಅವಳ ಆ ನಗುವೊಂದೇ ಆಧಾರ. ಮರುದಿನ ಕರ್ಚೀಫು ಒಗೆತವಾಗಿ, ಇಸ್ತ್ರಿಯಾಗಿ ಜೇಬಿನಲ್ಲಿತ್ತು. ಮುಂದಿನ ಭಾನುವಾರ ಬೆಣ್ಣೆ ಕೇಕು ಮರಳಿ ಬಂತು. ಸಾಹೇಬರು ಅದನ್ನು ಗೆಲುವೆಂದುಕೊಂಡರು. ಮಾರನೆಯ ತಿಂಗಳು ಅವಳು, "ಟೈಲರಮ್ಮನ ಹತ್ರ ಹೊಲಿಗೆ ಕಲೀತೀನಿ, ಬುಧವಾರ ಹೋಗ್ಲಾ?" ಎಂದು ಕೇಳಿದಾಗ ದೊಡ್ಡ ಮನಸ್ಸಿನಿಂದ ಒಪ್ಪಿದ್ದರು ಕೂಡ.

*

ಟೈಲರಮ್ಮನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗಾಡಿ ಬರುವ ಮುಂಚೆಯೇ ಸಾಹೇಬರು ಅವಳ ಹಿಂದೆ ಹೋಗಿ ಅದರ ಬಾಗಿಲಲ್ಲಿ ನಿಂತರು. ಅವಳು ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನ ಹೂವಿನ ಪರದೆಯನ್ನು ಸರಿಸಿದಳು. ಒಂದು ಓವನ್, ಅಂಚು ಕಪ್ಪಾದ ಅಚ್ಚುಗಳು, ಜರಡಿ, ಒಂದು ಹಳೆಯ ಏಪ್ರನ್. ಏಪ್ರನ್ನಿನ ಮೇಲೆ ಇನ್ನೂ ಹಿಟ್ಟಿನ ಕೈಗುರುತಿತ್ತು.

"ಹೊಲಿಗೆ?" ಎಂದು ಸಾಹೇಬರು ಕೇಳಿದರು.

"ಅಕ್ಕ ಸೂಜಿಗೆ ದಾರ ಪೋಣಿಸೋಕೂ ಕಲೀಲಿಲ್ಲ. ಮೆಷಿನ್ ಕಡೆ ತಿರುಗಿ ನೋಡ್ತಿರ್ಲಿಲ್ಲ."

"ಮಾಡಿದ್ದೆಲ್ಲ ಚೆನ್ನಾಗಿ ಬರ್ತಿತ್ತಾ?"

"ಎಲ್ಲಿ ಬರತ್ತೆ? ಎಷ್ಟೋ ಸಲ ಇಟ್ಟಿಗೆ ಆಗೋದು. ಬೀಟ್ರೂಟ್ ಹಾಕಿದ್ದನ್ನ ತುಂಡು ಮಾಡೋಕೆ ನನ್ನ ಬಟ್ಟೆ ಕತ್ತರಿ ಬೇಕಾಯ್ತು. ಹೊಟ್ಟೆ ಹಿಡ್ಕೊಂಡು ನಗೋರು. ನಕ್ಕು ಮುಗಿದ ಮೇಲೆ ಮತ್ತೆ ಹಿಟ್ಟು ಜರಡಿ ಹಿಡಿಯೋಕೆ ಕೂತ್ಕೊಳ್ಳೋರು."

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಸಾಹೇಬರು ಕಣ್ಣ ಮುಂದೆ ತಂದುಕೊಳ್ಳಲು ನೋಡಿದರು. ಬರಲಿಲ್ಲ. ಬೀದಿಗೆ ಬೀದಿಯೇ ಗುಟ್ಟು ಕಾಪಾಡಿತ್ತು, ತಮ್ಮ ಒಂದೇ ಬಾಯಿಯಿಂದ ಅವಳನ್ನು ಉಳಿಸಲು.

"ನನ್ನ ವಿಷಯ ಏನಾದ್ರೂ ಹೇಳ್ತಿದ್ಲಾ? ಬೈತಿದ್ಲಾ?"

"ಇಲ್ಲ ಸಾಹೇಬ್ರೇ," ಎಂದಳು ಟೈಲರಮ್ಮ, ಪರದೆಯನ್ನು ಮತ್ತೆ ಎಳೆಯುತ್ತ. "ಇಲ್ಲಿ ನಿಮ್ಮ ಸುದ್ದಿನೇ ಬರ್ತಿರ್ಲಿಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು ಅವರಿಗೆ.

*

ಗಾಡಿ ಬಂದು ನಿಂತಾಗ ಮೇಷ್ಟ್ರು ಕೈಸನ್ನೆ ಮಾಡಿದರು. ಸಾಹೇಬರು ಹೆಂಡತಿಯ ತಲೆಯ ಬಳಿ ನಿಂತರು. ಮನಸ್ಸಿನಲ್ಲಿ ಜೋಡಿಸಿಟ್ಟ ಮಾತುಗಳೆಲ್ಲ ಅಲ್ಲೇ ಇದ್ದವು, ಒಂದನ್ನೂ ಆಡುವಂತಿರಲಿಲ್ಲ. ಜನರ ಕಣ್ಣಲ್ಲಿ ಸಿಟ್ಟಿದ್ದರೆ ಎದುರಿಸುತ್ತಿದ್ದರು. ಅಲ್ಲಿದ್ದದ್ದು ಕನಿಕರ.

"ನಾನು..." ಎಂದು ಶುರುಮಾಡಿದರು. "ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಅವಳಿಗೆ ಬರ್ತಿತ್ತು. ಏನೇನು ಬರ್ತಿತ್ತು ಅಂತ ನಂಗೆ ಗೊತ್ತಿಲ್ಲ. ತಿಂದವರು ನೀವು. ನೀವೇ ಹೇಳಿ."

ಮೊದಲು ಹಾಲಿನವನು ಕುಂಬಳಕಾಯಿ ಬ್ರೆಡ್ಡಿನ ಮಾತು ತೆಗೆದ. ನರ್ಸಮ್ಮ ಎಳ್ಳಿನ ಬಿಸ್ಕತ್ತಿನದು. ಮೇಷ್ಟ್ರು ಶುಂಠಿ ಬನ್ನಿನ ಬಗ್ಗೆ ಪಾಠ ಮಾಡುವವರಂತೆ ಉದ್ದಕ್ಕೆ ಹೇಳಿದರು. ಬೀಟ್ರೂಟಿನ ಕಥೆಗೆ ಯಾರೋ ನಕ್ಕೇಬಿಟ್ಟು ನಾಲಿಗೆ ಕಚ್ಚಿಕೊಂಡರು. ಸಾಹೇಬರು ತಲೆ ತಗ್ಗಿಸಿ ಕೇಳಿಸಿಕೊಂಡರು. ಯಾರ ಬಗ್ಗೆಯೋ ಮಾತಾಡುತ್ತಿದ್ದಾರೆ, ಆ ಹೆಂಗಸನ್ನು ತಾವೂ ಒಮ್ಮೆ ನೋಡಬೇಕಿತ್ತು ಎನ್ನಿಸುತ್ತಿತ್ತು.

*

ಸಂಜೆ ಎಲ್ಲ ಮುಗಿಸಿ ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಬೆಳಗಿನ ಬೆಣ್ಣೆ ಕೇಕು ತಟ್ಟೆಯಲ್ಲಿ ಹಾಗೇ ಇತ್ತು, ಒಂದು ತುಂಡೂ ಕಡಿಮೆಯಾಗಿರಲಿಲ್ಲ. ನಾಲ್ಕಾರು ಜನ ಇನ್ನೂ ಉಳಿದಿದ್ದರು. ಟೈಲರಮ್ಮ ಒಂದು ಚಿಕ್ಕ ತಟ್ಟೆ ತಂದು ಅವರ ಮುಂದೆ ಹಿಡಿದಳು. ಕಂದುಬಣ್ಣದ ಒಂದು ತುಂಡು, ಮೇಲೆ ಕರಿಮೆಣಸಿನ ಪುಡಿ.

"ಮೊನ್ನೆ ಬುಧವಾರದ್ದು. ನಿಮಗೆ ಅಂತ ಇಟ್ಟಿದ್ದಲ್ಲ, ಸುಳ್ಳು ಹೇಳಲ್ಲ. ನಂಗೆ ಇಟ್ಟಿದ್ರು ಅಕ್ಕ. ಇದೊಂದೇ ಉಳಿದಿರೋದು, ತಿನ್ನಿ."

ಸಾಹೇಬರು ಬಾಯಿಗಿಟ್ಟರು. ಮೊದಲು ಕಿತ್ತಳೆಯ ಕಹಿ, ಅದರ ಹಿಂದೆಯೇ ಸಿಹಿ, ನುಂಗುವಾಗ ಗಂಟಲಿನಲ್ಲಿ ಮೆಣಸಿನ ಖಾರ. ಆವತ್ತಿನದೂ ಹೀಗೆಯೇ ಇತ್ತೋ, ಇಷ್ಟು ಬುಧವಾರಗಳಲ್ಲಿ ಹೀಗಾಯಿತೋ ಹೇಳಲು ಅವರಿಗೆ ತಿಳಿಯಲಿಲ್ಲ. ಆವತ್ತು ಅವರು ರುಚಿಯನ್ನೇ ನೋಡಿರಲಿಲ್ಲ.

ಕಣ್ಣಲ್ಲಿ ನೀರು ತುಂಬಿತು. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಗಿ ಕರ್ಚೀಫು ಹೊರತೆಗೆಯಿತು. ಅವಳು ಇಸ್ತ್ರಿ ಮಾಡಿಟ್ಟ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಟೈಲರಮ್ಮ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಮೇಷ್ಟ್ರು ಮುಖ ಆಚೆ ತಿರುಗಿಸಿದರು.

ಸಾಹೇಬರು ಕರ್ಚೀಫನ್ನು ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡರು. ಒಂದು ಪುಡಿಯೂ ನೆಲಕ್ಕೆ ಬೀಳದಂತೆ ಬಗ್ಗಿ ಕುಳಿತು ನಿಧಾನವಾಗಿ ತಿಂದರು. ತುಂಡು ಮುಗಿಯಿತು. ಆಮೇಲೆ, ಕೋಣೆಯಲ್ಲಿದ್ದವರೆಲ್ಲ ನೋಡುತ್ತಿರುವಾಗಲೇ, ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಬಿಳಿ ಬಟ್ಟೆಯ ಮೇಲೆ ಬಿದ್ದಿದ್ದ ಪುಡಿಗಳನ್ನು ಒಂದೊಂದಾಗಿ ಎತ್ತಿ ಬಾಯಿಗಿಡತೊಡಗಿದರು.